ಸ್ಟೆಪ್ನಿಯಲ್ಲೂ ಗಾಳಿ ಇಳಿಯಿತು

ಗಾಡಿಯಲ್ಲಿ ಡ್ರೈವರ್ ಕಡೆಯ ಬಾಗಿಲು ತೆಗೆದರೆ ಅದರ ಚೌಕಟ್ಟಿನ ಮೇಲೆ ಅಂಗೈಯಗಲದ ಒಂದು ಸ್ಟಿಕರ್ ಇತ್ತು. ಅದರಲ್ಲಿ ಟೈರಿನ ಚಿತ್ರ, ಪಕ್ಕದಲ್ಲಿ ಮೂವತ್ಮೂರು ಎಂಬ ಅಂಕಿ. ನಾಲ್ಕು ಚಕ್ರಕ್ಕೂ, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿಗೂ ಅಷ್ಟೇ ಗಾಳಿ ಇರಬೇಕು ಎಂದು ಅದರ ಅರ್ಥ. ಗಾಡಿಯ ಹಿಂದಿನ ಮಾಲೀಕ ಆರು ವರ್ಷ ಓಡಿಸಿಯೂ ಅದನ್ನು ಓದಿರಲಿಲ್ಲ. ಆರು ವರ್ಷವೂ ನೆಮ್ಮದಿಯಾಗಿದ್ದ. ಶ್ರೀರಾಮಪ್ಪ ಮೊದಲ ದಿನವೇ ಓದಿಬಿಟ್ಟ.

ಅವನ ಕಸುಬೇ ಅಂಥದ್ದು. ಸುಗಟೂರಿನಿಂದ ಎರಡು ಮೈಲಿ ಒಳಗಿರುವ ನಮ್ಮೂರಿನ ಹಾಲಿನ ಡೈರಿಗೆ ಹದಿನೆಂಟು ವರ್ಷದಿಂದ ಅವನೇ ಸೆಕ್ರೆಟ್ರಿ. ಹಾಲು ಬೆಳ್ಳಗಿದೆ ಎಂದು ಯಾರಾದರೂ ಹೇಳಿದರೂ ಮೀಟರ್ ಅದ್ದಿ ನೋಡಿಯೇ ತಲೆಯಾಡಿಸುವವನು. ಬೇರೆ ಊರುಗಳಲ್ಲಿ ಒಬ್ಬೊಬ್ಬರ ಹಾಲನ್ನು ಒಂದು ಸಲ ಅಳೆಯುತ್ತಾರೆ. ಇವನು ಮೂರು ಸಲ ಅಳೆದು ಸರಾಸರಿ ಬರೆಯುತ್ತಾನೆ. ಮೂರು ಸಲ ಅಳೆಯಲು ಮೂರು ಸೌಟು ಸ್ಯಾಂಪಲ್ ಬೇಕು. ಹಾಗೆ ತೆಗೆದ ಸ್ಯಾಂಪಲ್ ಹಾಲೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರದಲ್ಲಿ ಊರಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಅವನ ಹೆಂಡತಿ ಸುನಂದ ಹೆಪ್ಪು ಹಾಕುವ ಮೊಸರು ಗಟ್ಟಿ ಎಂದು ಎಲ್ಲರಿಗೂ ಗೊತ್ತಿತ್ತು.

ಇದರ ಬಗ್ಗೆ ಬಾಯಿಬಿಟ್ಟು ಜಗಳವಾಡುತ್ತಿದ್ದವಳು ಬೈರಮ್ಮ ಒಬ್ಬಳೇ. ಎಪ್ಪತ್ತು ದಾಟಿದ ಮುದುಕಿ, ಒಂದೇ ಹಸು. ದಿನಾ ಎರಡು ಹೊತ್ತೂ ಆ ಮೂರು ಸೌಟು ತನ್ನ ಪಾತ್ರೆಯಿಂದ ಏಳುವುದನ್ನು ಮಗುವನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ ಎನ್ನುವಂತೆ ನೋಡುವಳು. ಶ್ರೀರಾಮಪ್ಪ ಅವಳಿಗೆ ಹದಿನೆಂಟು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದ.

"ಸ್ಯಾಂಪಲ್ ತೆಗೆದರೆ ಕಮ್ಮಿ ಆಗಲ್ಲಮ್ಮ. ಎಷ್ಟಿದೆ ಅಂತ ಗೊತ್ತಾಗ್ತದೆ, ಅಷ್ಟೆ."

ಇಂಥವನು ಏಳು ಸೀಟಿನ ಗಾಡಿ ಕೊಂಡದ್ದು ಷೋಕಿಗಲ್ಲ. ಭಯಕ್ಕೆ.

ಅವನ ಒಬ್ಬಳೇ ಮಗಳು ಅನಿತಳನ್ನು ಆವನಿ ಎಂಬ ಊರಿಗೆ ಕೊಟ್ಟಿತ್ತು. ಹೋದ ವರ್ಷ ಅವಳಿಗೆ ಐದು ತಿಂಗಳಾಗಿದ್ದಾಗ ಹಬ್ಬಕ್ಕೆಂದು ಶ್ರೀರಾಮಪ್ಪ ಅವಳನ್ನು ಆಟೋದಲ್ಲಿ ಕರೆದುಕೊಂಡು ಬಂದ. ರಸ್ತೆಯಲ್ಲಿ ಗುಂಡಿಗಳಿದ್ದವು, ಆಟೋ ಕುಣಿಯಿತು. ಒಂದು ವಾರದಲ್ಲಿ ಗರ್ಭ ಹೋಯಿತು. ಆಟೋಗೂ ಇದಕ್ಕೂ ಸಂಬಂಧವಿಲ್ಲ ಎಂದು ಕೋಲಾರದ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಬೀಗರಾದ ಕೋದಂಡರಾಮಪ್ಪನವರು ಎಲ್ಲ ಕೇಳಿಸಿಕೊಂಡು, ತಾವು ಟೈರ್ ಸೆಕ್ಷನ್ನಿನಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂದು ಡಾಕ್ಟರಮ್ಮನನ್ನೇ ಕೇಳಿದರು.

ಅವರು ಬಸ್ ಡಿಪೋದ ಟೈರ್ ಸೆಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಇದ್ದು ರಿಟೈರ್ ಆದವರು. ಈಗಲೂ ಮನೆಯಲ್ಲಿ ಖಾಕಿ ಪ್ಯಾಂಟು ಹಾಕುತ್ತಾರೆ. ಅವರ ಬಾಯಿಂದ ಮೂರನೆಯ ವಾಕ್ಯ ಬಂದರೆ ಏನೋ ಅನಾಹುತವಾಗಿದೆ ಎಂದು ಅರ್ಥ. ಅವರನ್ನು ಏಕವಚನದಲ್ಲಿ ಬರೆಯಲು ನನಗೂ ಧೈರ್ಯವಿಲ್ಲ.

ಈ ಸಲ ಅನಿತಳಿಗೆ ಎಂಟು ತಿಂಗಳು. ಹೆರಿಗೆಗೆ ತವರಿಗೆ ಕರೆತರಬೇಕು. ಬರುವ ಶುಕ್ರವಾರ ದಾಟಿದರೆ ಪ್ರಯಾಣ ಬೇಡ ಎಂದು ಡಾಕ್ಟರಮ್ಮ ಗಡುವು ಕೊಟ್ಟಿದ್ದರು. ಕೋದಂಡರಾಮಪ್ಪನವರು ಫೋನಿನಲ್ಲಿ ತಮ್ಮ ಷರತ್ತು ಹೇಳಿದರು. "ಒಳ್ಳೆ ಗಾಡಿ ತಗೊಂಡು ಬನ್ನಿ, ಟೈರ್ ನಾನೇ ನೋಡ್ತೀನಿ. ಸರಿಯಿದ್ದರೆ ಕಳಿಸ್ತೀನಿ, ಇಲ್ಲದಿದ್ದರೆ ಬಾಣಂತನ ಇಲ್ಲೇ."

ಎರಡೇ ವಾಕ್ಯ. ಶ್ರೀರಾಮಪ್ಪನ ಕೈಯಲ್ಲಿದ್ದ ಫೋನು ಬೆವರಿತು.

ಅನಿತ ಆಮೇಲೆ ಗುಟ್ಟಾಗಿ ತಾಯಿಗೆ ಫೋನು ಮಾಡಿದಳು. ಆ ಮನೆಯಲ್ಲಿ ಅವಳು ಮೆಟ್ಟಿಲು ಇಳಿದರೂ ಎಣಿಸುತ್ತಿದ್ದರಂತೆ, ಜೋರಾಗಿ ಸೀನಿದರೂ ಮಾವ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಗಂಡ ನರೇಶ್ ಒಳ್ಳೆಯವನೇ, ಆದರೆ ಮಾಲೂರಿನ ಫ್ಯಾಕ್ಟರಿಯಲ್ಲಿ ಷಿಫ್ಟು. ಇಲ್ಲೇ ಹೆರಿಗೆ ಎಂದರೆ ತನಗೆ ಕೈಕಾಲು ಆಡುವುದಿಲ್ಲ ಎಂದಳು. ಕೊನೆಗೆ ಫೋನು ಅಪ್ಪನ ಕೈಗೆ ಬಂತು. "ಅಪ್ಪಾ, ನೀನು ಬಂದು ಕರ್ಕೊಂಡು ಹೋಗ್ತೀಯಲ್ಲ?" ಎಂದು ಕೇಳಿದಳು. ಹೋಗ್ತೀನಿ ಎಂದ. ಅವನು ಹಾಗೆ ಹೇಳಿದ್ದನ್ನು ಸುನಂದ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು, ಮುಂದೆ ಬೇಕಾಗಬಹುದು ಎಂದು.

ಹೀಗಿರುವಾಗ ಯಾರೋ ಅವನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಗಾಳಿ ಕಡಿಮೆಯಿದ್ದ ಟೈರು ಹೆದ್ದಾರಿಯಲ್ಲಿ ಸಿಡಿದು ಕಾರು ಮೂರು ಪಲ್ಟಿ ಹೊಡೆಯುವ ವಿಡಿಯೋ. ಹಾಗಾದರೆ ಗಾಳಿ ಜಾಸ್ತಿ ತುಂಬಿಸಿದರೆ ಹೇಗೆ ಎಂದು ಅಳಿಯನನ್ನು ಕೇಳಿದ. ನರೇಶ್ ಪಾಪ, ಇದ್ದದ್ದು ಹೇಳಿದ. ಜಾಸ್ತಿಯಾದರೆ ಟೈರು ಕಲ್ಲಿನ ಥರ ಆಗ್ತದೆ ಮಾವ, ಸಣ್ಣ ಗುಂಡಿಗೂ ಎತ್ತಿ ಎತ್ತಿ ಹಾಕ್ತದೆ ಎಂದ. ಕಡಿಮೆಯಾದರೆ ಸಿಡಿಯುತ್ತದೆ, ಜಾಸ್ತಿಯಾದರೆ ಆಟೋ ಆಗುತ್ತದೆ. ಈ ಎರಡು ಸಾವಿನ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಮೂವತ್ಮೂರು ನಿಂತಿತ್ತು.

ಗುರುವಾರ, ಅಂದರೆ ಎಂಟು ದಿನ ಮೊದಲು, ಶ್ರೀರಾಮಪ್ಪ ಕೋಲಾರಕ್ಕೆ ಹೋಗಿ ಪೆನ್ನಿನಷ್ಟು ಉದ್ದದ ಒಂದು ಗೇಜ್ ತಂದ. ಟೈರಿನ ವಾಲ್ವಿಗೆ ಒತ್ತಿ ಹಿಡಿದರೆ ಒಳಗಿಂದ ಬಿಳಿ ಕಡ್ಡಿ ಹೊರಗೆ ಬಂದು ಗಾಳಿ ಎಷ್ಟಿದೆ ಎಂದು ತೋರಿಸುತ್ತದೆ. ಬರುವ ದಾರಿಯಲ್ಲಿ ಆಂಜಿಯ ಪಂಚರ್ ಅಂಗಡಿಯಲ್ಲಿ ಐದು ಟೈರಿಗೂ ಮೂವತ್ಮೂರು ತುಂಬಿಸಿದ. ಆಂಜಿ ಗಡಿಯ ಕಡೆಯವನು, ಅರ್ಧ ತೆಲುಗು, ಅರ್ಧ ಬೀಡಿ. ಗಾಳಿ ತುಂಬಿದ ಕೂಡಲೇ, ಇನ್ನು ಹದಿನೈದು ದಿನ ಇದರ ಕಡೆ ನೋಡಬೇಡ ಎಂದು ಹೇಳಿದ. ಶ್ರೀರಾಮಪ್ಪ ಅದನ್ನು ಬೇಜವಾಬ್ದಾರಿ ಮಾತು ಎಂದು ತೀರ್ಮಾನಿಸಿದ.

ಸಂಜೆ ಡೈರಿ ಮುಗಿಸಿ ಬಂದು ಅಳೆದ. ತನ್ನ ನಿಯಮದಂತೆ ಒಂದೊಂದು ಟೈರನ್ನು ಮೂರು ಮೂರು ಸಲ. ಮೊದಲ ಸಲ ಮೂವತ್ಮೂರು ಬಂತು, ಎರಡನೆಯ ಸಲ ಅರ್ಧ ಕಡಿಮೆ, ಮೂರನೆಯ ಸಲ ಇನ್ನರ್ಧ ಕಡಿಮೆ. ಮೂರು ಸಲಕ್ಕೆ ಮೂರು ಥರ ತೋರಿಸುವುದು ಮೀಟರುಗಳ ಸ್ವಭಾವ ಎಂದು ಹದಿನೆಂಟು ವರ್ಷದ ಅನುಭವ ಹೇಳಿತು. ಸರಾಸರಿ ತೆಗೆದು ಡೈರಿಯ ಹಳೇ ಪುಸ್ತಕದಲ್ಲಿ ಗೆರೆ ಹಾಕಿ ಬರೆದ. ಮೂವತ್ತೆರಡೂವರೆ.

ಬೆಳಗ್ಗೆ ಮತ್ತೆ ಅಳೆದ. ಮೂವತ್ತೊಂದೂವರೆ.

ಒಂದು ರಾತ್ರಿಯಲ್ಲಿ ಐದು ಟೈರಿನಿಂದಲೂ ಒಂದೊಂದು ಪಾಯಿಂಟ್ ಗಾಳಿ ಹೋಗಿತ್ತು. ಗಾಡಿ ನಿಂತ ಜಾಗದಿಂದ ಅಲುಗಿರಲಿಲ್ಲ. ಶ್ರೀರಾಮಪ್ಪ ಆ ದಿನ ಡೈರಿಗೆ ಹತ್ತು ನಿಮಿಷ ತಡವಾಗಿ ಬಂದ. ಹದಿನೆಂಟು ವರ್ಷದಲ್ಲಿ ಮೊದಲು. ಯಾರೋ ಸತ್ತಿದ್ದಾರೆ ಎಂದುಕೊಂಡು ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಮೂರು ಹೊತ್ತು ಅಳೆಯಲು ಶುರು ಮಾಡಿದ. ಗಾಳಿ ಇನ್ನೂ ಬೇಗ ಇಳಿಯಿತು. ನಾಲ್ಕು ಹೊತ್ತು ಅಳೆದ. ಶನಿವಾರ ಸಂಜೆಗೆ ಇಪ್ಪತ್ತೇಳಕ್ಕೆ ಬಂದು ನಿಂತಿತು. ಭಯ ಹೆಚ್ಚಿದಂತೆ ಅಳತೆ ಹೆಚ್ಚಿತು, ಅಳತೆ ಹೆಚ್ಚಿದಂತೆ ಗಾಳಿ ಇಳಿಯಿತು, ಗಾಳಿ ಇಳಿದಂತೆ ಭಯ ಹೆಚ್ಚಿತು. ಈ ಗಾಣಕ್ಕೆ ಎತ್ತು ಯಾರು ಎಂಬುದು ಎತ್ತನ್ನು ಬಿಟ್ಟು ಉಳಿದ ಯಾರಿಗಾದರೂ ಗೊತ್ತಾಗುವಂತಿತ್ತು, ಆದರೆ ನಮ್ಮೂರಿನಲ್ಲಿ ಯಾರೂ ಅವನು ಅಳೆಯುವಾಗ ಟೈರಿನ ಹತ್ತಿರ ಹೋಗಿ ನಿಲ್ಲುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಆಂಜಿ ಐದು ಟೈರನ್ನೂ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ಒಂದು ಗುಳ್ಳೆ ಬರಲಿಲ್ಲ. ವಾಲ್ವಿಗೆ ಎಂಜಲು ಹಚ್ಚಿ ನೋಡಿದ, ಅಲ್ಲೂ ಇಲ್ಲ. ಪಂಚರ್ ಲೇದಣ್ಣಾ ಎಂದ. ನೆಲ ಮುಟ್ಟುವ ನಾಲ್ಕರ ವಿಷಯ ಹಾಗಿರಲಿ, ಹಿಂಬಾಗಿಲಿನಲ್ಲಿ ಕವರ್ ಹೊದ್ದು ನೇತಾಡುವ ಸ್ಟೆಪ್ನಿಯಲ್ಲಿ ಗಾಳಿ ಹೇಗೆ ಇಳಿಯುತ್ತದೆ ಎಂದು ಶ್ರೀರಾಮಪ್ಪ ಕೇಳಿದಾಗ ಆಂಜಿ ಬೀಡಿ ಬಾಯಿಂದ ತೆಗೆದ.

"ಸ್ಟೆಪ್ನೀಲೂ ಇಳೀತದಾ?"

"ಎಲ್ಲದರಷ್ಟೇ ಇಳೀತದೆ."

ಆಂಜಿ ಬೀಡಿ ಆರಿಸಿದ. ಇದು ನನ್ನ ಲೈನಲ್ಲ ಅಣ್ಣಾ, ಬೇರೆ ಏನಾದರೂ ನೋಡಿಸು ಎಂದ. ಗಾಳಿ ತುಂಬಿಸಿ ಕಳಿಸಿದ, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕಂಪ್ರೆಸರ್ ಪಕ್ಕದಲ್ಲೇ ನಿಂತು ಅದನ್ನು ಕಾಯ್ದ.

ಬೇರೆ ಏನಾದರೂ ಎಂದರೆ ಏನು ಎಂದು ಸುನಂದಳಿಗೆ ತಕ್ಷಣ ಗೊತ್ತಾಯಿತು. ಐದು ಟೈರಿಗೂ ಮೆಣಸಿನಕಾಯಿ, ಉಪ್ಪು ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದು ಅರ್ಥ. ಬೂದುಗುಂಬಳಕಾಯಿ ಒಡೆದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡಿಸಿದಳು. ಸ್ಟೆಪ್ನಿಗೆ ನಿಂಬೆಹಣ್ಣು ಎಲ್ಲಿಡುವುದೆಂದು ತಿಳಿಯದೆ ಕವರಿನೊಳಗೆ ತುರುಕಿದಳು. ಇದನ್ನೆಲ್ಲ ನಂಬದ ಶ್ರೀರಾಮಪ್ಪ, ನಂಬಿಕೆ ಕೆಲಸ ಮಾಡಿತೇ ಎಂದು ತಿಳಿಯಲು ಅರ್ಧ ಗಂಟೆಗೊಮ್ಮೆ ಅಳೆದ. ಸಂಜೆಯೊಳಗೆ ನಾಲ್ಕು ಪಾಯಿಂಟ್ ಹೋಯಿತು. ನಿಂಬೆಹಣ್ಣು ಇರುವುದನ್ನೂ ತಿಂದುಹಾಕಿತು ಎಂದು ಸುನಂದ ಅತ್ತಳು.

ಕೋದಂಡರಾಮಪ್ಪನವರು ದಿನಾ ಸಂಜೆ ಏಳಕ್ಕೆ ಫೋನು ಮಾಡುತ್ತಿದ್ದರು. ಇವತ್ತು ಎಷ್ಟು, ಎಂದಷ್ಟೇ ಕೇಳುವರು. ಬೀಗರಿಗೆ ತಪ್ಪು ಅಂಕಿ ಹೇಳಬಾರದು ಎಂದು ಶ್ರೀರಾಮಪ್ಪ ಆರೂಮುಕ್ಕಾಲಿಗೆ ಇನ್ನೊಂದು ಸುತ್ತು ಅಳೆಯುವನು. ಭಾನುವಾರ, ಹೊಸದಾಗಿ ತುಂಬಿಸಿದ ಮೇಲೂ ಇಪ್ಪತ್ತೊಂಬತ್ತು ಎಂದು ಹೇಳಿದಾಗ ಆ ಕಡೆಯಿಂದ ಉತ್ತರ ಬಂತು.

"ಇಳೀತಿದೆ ಅಂದರೆ ಎಲ್ಲೋ ಹೋಗ್ತಿದೆ. ಎಲ್ಲಿಗೆ ಅಂತ ಕಂಡುಹಿಡೀರಿ. ಅಲ್ಲೀವರೆಗೆ ನನ್ನ ಸೊಸೆ ಆ ಗಾಡಿ ಹತ್ತಲ್ಲ."

ಮೂರು ವಾಕ್ಯ.

ಆ ರಾತ್ರಿ ಶ್ರೀರಾಮಪ್ಪ ಊಟ ಬಿಟ್ಟ. ಬೆಳಗ್ಗೆ ಎದ್ದು ಹಾಲು ಅಳೆಯುತ್ತ, ಗಾಳಿ ತಾನಾಗಿ ಹೋಗಲ್ಲ, ಯಾರೋ ತೆಗೀತಿದ್ದಾರೆ ಎಂದು ಡೈರಿಯಲ್ಲಿ ಎಲ್ಲರೆದುರು ಹೇಳಿಬಿಟ್ಟ. ಯಾರು ಎಂದು ಹೇಳಲಿಲ್ಲ. ಆದರೆ ಹೇಳುವಾಗ ಪಕ್ಕದ ಮನೆಯ ಪೆದ್ದಪ್ಪನ ಮೊಪೆಡ್ಡನ್ನು ನೋಡಿದ. ಚರಂಡಿ ನೀರಿನ ವಿಷಯಕ್ಕೆ ಇಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಆ ಮೊಪೆಡ್ಡಿನ ಟೈರು ಈ ನಡುವೆ ಬಹಳ ಗಟ್ಟಿಯಾಗಿ ಕಾಣುತ್ತದೆ ಎಂದು ಸಾಲಿನಲ್ಲಿದ್ದ ಯಾರೋ ಹೇಳಿದರು. ನಮ್ಮೂರಿನಲ್ಲಿ ಸಾಕ್ಷಿಗೆ ಇಷ್ಟು ಸಾಕು.

ಪೆದ್ದಪ್ಪ ಹಾಲಿನ ಕ್ಯಾನು ಕೆಳಗಿಟ್ಟ. ಮೊಪೆಡ್ಡನ್ನು ತಳ್ಳಿಕೊಂಡು ಬಂದು ಡೈರಿ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದ.

"ಲೇ ಸೀರಾಮಾ, ನಿನ್ನ ಗಾಳಿ ಇದರಲ್ಲಿ ಐತಾ ನೋಡು. ಐದು ಸಲ ಬೇಕಾದರೂ ನೋಡು. ಊರೆಲ್ಲ ಇದೆ."

ಶ್ರೀರಾಮಪ್ಪ ಗೇಜ್ ತೆಗೆದ. ಮೊಪೆಡ್ಡಿನ ವಾಲ್ವು ಚಕ್ರದ ಕಡ್ಡಿಗಳ ಸಂದಿಯಲ್ಲಿತ್ತು, ಗೇಜ್ ಒಂದು ಸಲಕ್ಕೂ ನೆಟ್ಟಗೆ ಕೂರಲಿಲ್ಲ. ನ್ಯಾಯ ತಪ್ಪಬಾರದು ಎಂದು ಮೂರರ ಬದಲು ಆರು ಸಲ ಅಳೆದ. ಅಂಕಿ ಓದಲು ತಲೆ ಎತ್ತುವಷ್ಟರಲ್ಲಿ ಮೊಪೆಡ್ಡು ಒಂದು ಕಡೆಗೆ ಮೆಲ್ಲಗೆ ಕೂತುಕೊಂಡಿತು. ಟೈರು ಚಪಾತಿಯಾಗಿತ್ತು.

ಪೆದ್ದಪ್ಪ ಟೈರು ನೋಡಿದ, ಶ್ರೀರಾಮಪ್ಪನ ಮುಖ ನೋಡಿದ, ಎರಡು ಹೆಜ್ಜೆ ಹಿಂದಕ್ಕೆ ಹೋದ. ಜನವೂ ಹಿಂದಕ್ಕೆ ಹೋದರು. ಗಾಡಿಗೆ ಬೇರೆಯವರ ದೃಷ್ಟಿ ತಗುಲಿಲ್ಲ, ಇವನ ಕಣ್ಣೇ ಅಂಥದ್ದು ಎಂಬ ಮಾತು ಮಧ್ಯಾಹ್ನದೊಳಗೆ ಸುಗಟೂರು ದಾಟಿತು.

ಅಂದಿನಿಂದ ಜನ ಸೈಕಲ್ಲುಗಳನ್ನು ಡೈರಿಯಿಂದ ನೂರು ಗಜ ಆಚೆ ನಿಲ್ಲಿಸಿ ಹಾಲು ಹೊತ್ತು ತರಲು ಶುರು ಮಾಡಿದರು. ಹಾಲಿನ ಲಾರಿಯ ಡ್ರೈವರು ಶ್ರೀರಾಮಪ್ಪನನ್ನು ಡೈರಿಯ ಒಳಗೆ ಕೂರಿಸಿ, ಬಾಗಿಲು ಎಳೆದ ಮೇಲೆಯೇ ಲಾರಿ ಹಿಂದಕ್ಕೆ ತರುತ್ತೇನೆ ಎಂದ. ಹಿಪ್ಪುನೇರಳೆ ಸೊಪ್ಪಿನ ಟ್ರ್ಯಾಕ್ಟರಿನವನು ಇವನು ಎದುರಿಗೆ ಬರುವುದು ಕಂಡು ಹೊಲಕ್ಕೇ ಇಳಿಸಿದ. ಶ್ರೀರಾಮಪ್ಪನಿಗೂ ಅನುಮಾನ ಹತ್ತಿತು. ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡಿಕೊಂಡು, ಆಮೇಲೆ ಇದು ಸರಿಯಲ್ಲ ಎನ್ನಿಸಿ ಕನ್ನಡಿ ಗೋಡೆಗೆ ತಿರುಗಿಸಿಟ್ಟ. ಮಂಗಳವಾರದಿಂದ ಕಪ್ಪು ಕನ್ನಡಕ ಹಾಕಿಕೊಂಡು ಗೇಜ್ ಓದಿದ. ಅಂಕಿ ಸರಿಯಾಗಿ ಕಾಣದೆ ದಿನಕ್ಕೆ ಎರಡು ಸುತ್ತು ಹೆಚ್ಚಾಗಿ ಅಳೆಯಬೇಕಾಯಿತು.

ಬುಧವಾರ ಪೆದ್ದಪ್ಪ ಪೊಲೀಸು ಕಂಪ್ಲೇಂಟ್ ಕೊಟ್ಟ. ಗಾಳಿ ಕಳವು ಮತ್ತು ಮಾನಹಾನಿ. ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಇಬ್ಬರನ್ನೂ ಕರೆಸಿದರು. ನಿವೃತ್ತಿಗೆ ಆರು ತಿಂಗಳಿದ್ದ ಅವರಿಗೆ ಇಂಥ ಕೇಸು ಇದುವರೆಗೆ ಬಂದಿರಲಿಲ್ಲ, ಬಿಟ್ಟು ಹೋಗಲು ಮನಸ್ಸೂ ಇರಲಿಲ್ಲ. ಕಳುವಾದ ಮಾಲು ಲೀಟರಿನಲ್ಲೋ ಕಿಲೋದಲ್ಲೋ ಎಂದು ಕೇಳಿದರು. ಪಾಯಿಂಟಿನಲ್ಲಿ ಎಂದು ಶ್ರೀರಾಮಪ್ಪ ಹೇಳಿದ. ಮಾಲು ಸಿಕ್ಕರೆ ನಿಮ್ಮದೇ ಎಂದು ಗುರುತು ಹಿಡೀತೀರಾ ಎಂದು ಪೆದ್ದಪ್ಪನನ್ನು ಕೇಳಿದರು. ಪೆದ್ದಪ್ಪ ಯೋಚಿಸಿ, ಆಂಜಿ ಅಂಗಡೀದು ಸಾರ್, ಬೀಡಿ ವಾಸನೆ ಇರ್ತದೆ ಎಂದ. ಅದನ್ನು ಬರೆದುಕೊಂಡರು. ಆಮೇಲೆ ಶ್ರೀರಾಮಪ್ಪ, ಬೇಕಾದರೆ ಇಲ್ಲೇ ಅಳೆದು ತೋರಿಸುತ್ತೇನೆ ಎಂದು ಜೇಬಿಗೆ ಕೈಹಾಕಿದ. ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ಎದ್ದುಹೋಗಿ, ಹೊರಗೆ ನಿಲ್ಲಿಸಿದ್ದ ತಮ್ಮ ಬೈಕನ್ನು ತಳ್ಳಿಕೊಂಡು ಹೋಗಿ ಸ್ಟೇಷನ್ನಿನ ಹಿಂದೆ ಬಿಟ್ಟು ಬಂದರು. ಅರ್ಜಿ ಇಟ್ಟುಕೊಂಡಿರ್ತೀನಿ, ಇಬ್ಬರೂ ಬೇಗ ಹೊರಡಿ ಎಂದರು.

ಹೊರಡುವ ಮುಂಚೆ ಒಬ್ಬ ಕಾನ್‌ಸ್ಟೇಬಲ್ ಗುಟ್ಟಾಗಿ ಒಂದು ಉಪಾಯ ಹೇಳಿದ. ಮಾಲೂರಿನಲ್ಲಿ ನೈಟ್ರೋಜನ್ ತುಂಬುತ್ತಾರೆ, ಅದು ಬೇಗ ಇಳಿಯುವುದಿಲ್ಲ. ಮಾಮೂಲಿ ಗಾಳಿಗಿಂತ ಅದರಲ್ಲಿ ಫ್ಯಾಟ್ ಜಾಸ್ತಿ ಎಂದು ಶ್ರೀರಾಮಪ್ಪ ಅರ್ಥ ಮಾಡಿಕೊಂಡ. ಗುರುವಾರ ಮಾಲೂರಿಗೆ ಹೋದ. ಐದು ಟೈರಿಗೂ ನೈಟ್ರೋಜನ್ ತುಂಬಿಸಿ, ವಾಲ್ವಿಗೆ ಹಸಿರು ಮುಚ್ಚಳ ಹಾಕಿಸಿಕೊಂಡು ಬಂದ. ಆ ಸಂಜೆ ಅಳೆದಾಗ ಮೂವತ್ಮೂರು. ಅವನು ಎಂಟು ದಿನದಲ್ಲಿ ಮೊದಲ ಸಲ ಮೊಸರನ್ನ ತಿಂದ. ಏಳಕ್ಕೆ ಫೋನು ಬಂದಾಗ, ಮೂವತ್ಮೂರು ಬೀಗ್ರೇ ಎಂದ. ನಾಳೆ ಬನ್ನಿ ಎಂದು ಅವರು ಇಟ್ಟರು.

ಶುಕ್ರವಾರ ಬೆಳಗ್ಗೆ ಹೊರಟರು. ಬಸುರಿಯನ್ನು ಕರೆತರಲು ಹೋಗುವಾಗ ಜೊತೆಗೆ ಹೆರಿಗೆ ಕಂಡ ಹಿರಿಯ ಹೆಂಗಸು ಒಬ್ಬಳು ಇರಬೇಕು. ಊರಿನಲ್ಲಿ ಆ ಅರ್ಹತೆ ಇದ್ದವಳು ಬೈರಮ್ಮ, ನೂರಾರು ಮಕ್ಕಳ ಹೊಕ್ಕುಳು ಕತ್ತರಿಸಿದ ಕೈ. ಸೆಕ್ರೆಟ್ರಿ ಗಾಡಿ ಹತ್ತಲು ಅವಳಿಗೆ ಇಷ್ಟವಿರಲಿಲ್ಲ, ಸುನಂದಳ ಮುಖ ನೋಡಿ ಹತ್ತಿದಳು. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತು, ಎಲೆಅಡಿಕೆ ಚೀಲ ಬಿಚ್ಚಿದಳು.

ಶ್ರೀರಾಮಪ್ಪ ಹೊರಡುವ ಮುಂಚೆ ಒಂದು ಸುತ್ತು ಅಳೆದ. ಊರಾಚೆ ಒಂದು ಸುತ್ತು. ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಾಗ, ಹೇಗೂ ನಿಂತಿದ್ದೇವಲ್ಲ ಎಂದು ಇಳಿದು ಎರಡು ಸುತ್ತು. ಹೆದ್ದಾರಿಗೆ ಬಂದ ಮೇಲೆ ಆ ವಿಡಿಯೋ ಕಣ್ಣೆದುರು ಬಂತು. ಮೂವತ್ತರ ವೇಗದಲ್ಲಿ ಎಡಕ್ಕೆ ಅಂಟಿಕೊಂಡು ಹೋದ, ಒಬ್ಬ ಮೂಲಂಗಿ ಹೇರಿದ ಸೈಕಲ್ಲಿನವನು ಬೈದುಕೊಂಡು ಮುಂದೆ ಹೋದ. ಪ್ರತಿ ಐದು ಕಿಲೋಮೀಟರಿಗೆ ಗಾಡಿ ನಿಲ್ಲಿಸಿ ಐದು ಟೈರು, ಮೂರು ಸಲ. ಅಂಕಿ ಇಳಿಯುತ್ತಲೇ ಇತ್ತು. ಇಪ್ಪತ್ತೊಂಬತ್ತು ಕಂಡಾಗ ಬೆನ್ನು ಒದ್ದೆಯಾಯಿತು. ಇಪ್ಪತ್ತಾರು ಕಂಡಾಗ ಸುನಂದ ಮಂತ್ರ ಶುರು ಮಾಡಿದಳು. ಪಂಚರ್ ಅಂಗಡಿ ಎದುರಾದರೂ ನಿಲ್ಲಿಸಲಿಲ್ಲ, ನೈಟ್ರೋಜನ್ನಿಗೆ ಮಾಮೂಲಿ ಗಾಳಿ ಬೆರೆಸುವುದು ಹಾಲಿಗೆ ನೀರು ಬೆರೆಸಿದಂತೆ ಎಂಬುದು ಅವನ ತತ್ವ. ಬೈರಮ್ಮ ಕಿಟಕಿಯಲ್ಲಿ ತಲೆಯಿಟ್ಟು, ಅವನು ಬಗ್ಗುವುದನ್ನೂ ಏಳುವುದನ್ನೂ ನೋಡುತ್ತ ಎಲೆ ಜಗಿಯುತ್ತಿದ್ದಳು.

ಆವನಿ ತಲುಪುವಾಗ ಗಾಡಿ ಬಾತುಕೋಳಿಯ ಥರ ನಡೆಯುತ್ತಿತ್ತು.

ಕೋದಂಡರಾಮಪ್ಪನವರು ಅಂಗಳದಲ್ಲೇ ನಿಂತಿದ್ದರು. ಖಾಕಿ ಪ್ಯಾಂಟು, ಕೈಯಲ್ಲಿ ಒಂದು ಕಬ್ಬಿಣದ ರಾಡು. ಡಿಪೋದಲ್ಲಿ ಗೇಜ್ ಎಲ್ಲ ಇದ್ದರೂ ಅವರು ಮೂವತ್ನಾಲ್ಕು ವರ್ಷ ಬಸ್ಸಿನ ಟೈರನ್ನು ಇದೇ ರಾಡಿನಿಂದ ತಟ್ಟಿ, ಸದ್ದು ಕೇಳಿಯೇ ಬಸ್ಸನ್ನು ಹೊರಗೆ ಬಿಟ್ಟವರು. ಹಿಂದೆ ಬಾಗಿಲಲ್ಲಿ ಅನಿತ ಬ್ಯಾಗ್ ಹಿಡಿದು, ತಲೆ ಬಾಚಿ, ಹೂ ಮುಡಿದು ತಯಾರಾಗಿದ್ದಳು. ನರೇಶ್ ರಜೆ ಹಾಕಿ ಪಕ್ಕದಲ್ಲಿದ್ದ.

ಬನ್ನಿ ಎಂದು ಯಾರೂ ಹೇಳುವ ಮೊದಲೇ ಅವರು ಮುಂದಿನ ಎಡ ಟೈರು ತಟ್ಟಿದರು. ಡಬ್ ಎಂದಿತು. ಬಲ ಟೈರು ತಟ್ಟಿದರು. ಅದೂ ಡಬ್. ಹಿಂದಿನ ಎರಡೂ ಹಾಗೇ. ಸ್ಟೆಪ್ನಿಯ ಕವರು ಎಳೆದಾಗ ಒಳಗಿಂದ ಒಂದು ಕೊಳೆತ ನಿಂಬೆಹಣ್ಣು ಅವರ ಪಾದದ ಮೇಲೆ ಬಿತ್ತು. ಅದನ್ನು ನೋಡಿದರು. ಸ್ಟೆಪ್ನಿ ತಟ್ಟಿದರು. ರಾಡನ್ನು ಗೋಡೆಗೆ ಒರಗಿಸಿದರು.

"ಅನಿತಾ, ಬ್ಯಾಗ್ ಒಳಗಿಡಮ್ಮ."

ಅನಿತ ಅಲುಗಲಿಲ್ಲ. ಅಪ್ಪನನ್ನು ನೋಡಿದಳು. ಸುನಂದ ಗಾಡಿಯ ಬಾಗಿಲು ಹಿಡಿದುಕೊಂಡು ಅಲ್ಲೇ ಕುಸಿದಳು. ಶ್ರೀರಾಮಪ್ಪ ಡೈರಿ ಪುಸ್ತಕ ತೆಗೆದು ಎರಡೂ ಕೈಯಿಂದ ಬೀಗರ ಮುಂದೆ ಹಿಡಿದ. ನಿನ್ನೆ ಸಂಜೆ ಮೂವತ್ಮೂರು ಇತ್ತು, ಬರೆದಿದ್ದೇನೆ, ಮೂರು ಸಲ ನೋಡಿದ್ದೇನೆ, ಐದಕ್ಕೂ ನೋಡಿದ್ದೇನೆ, ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ನನ್ನ ಕಣ್ಣು ಸರಿಯಿಲ್ಲ ಅನ್ನುತ್ತಾರೆ, ಬೇಕಾದರೆ ನಾನು ಬರುವುದಿಲ್ಲ, ಬೇರೆ ಯಾರಾದರೂ ಓಡಿಸಲಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಕೊನೆಗೆ ಅವನ ದನಿ ಹೆಂಗಸರ ದನಿಯ ಹಾಗಾಯಿತು. ನೋಡುತ್ತಿದ್ದ ಅಕ್ಕಪಕ್ಕದವರು ಬೇರೆ ಕಡೆ ತಿರುಗಿದರು.

ಆಗ ಬೈರಮ್ಮ ಗಾಡಿಯಿಂದ ಇಳಿದಳು. ಎಲೆಅಡಿಕೆ ಉಗಿದಳು.

"ಸೆಕ್ರೆಟ್ರಪ್ಪಾ, ಇನ್ನೊಂದು ಕಿತ ಅಳೆ. ನಾನು ನೋಡಬೇಕು."

ಅವನು ಮುಂದಿನ ಟೈರಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಗೇಜ್ ಒತ್ತಿದ. ಬೈರಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಅಂಗಳ ಸುಮ್ಮನಾಯಿತು.

ಸ್ಸ್.

"ಇನ್ನೊಂದು ಕಿತ."

ಸ್ಸ್.

"ಅದೇನಪ್ಪ ಸದ್ದು?"

"ಅದು ಗೇಜ್ ಕೂರುವಾಗ ಬರ್ತದೆ. ಎಷ್ಟಿದೆ ಅಂತ ನೋಡೋಕೆ ಸ್ವಲ್ಪ ಗಾಳಿ ಹೊರಗೆ ಬರಬೇಕಲ್ಲ. ಸ್ಯಾಂಪಲ್ ಇದ್ದಂಗೆ." ಇಷ್ಟು ಹೇಳಿ ಅವನ ಬಾಯಿ ತೆರೆದಂತೆಯೇ ನಿಂತಿತು.

ಬೈರಮ್ಮ ಅವಸರ ಮಾಡಲಿಲ್ಲ. ಹದಿನೆಂಟು ವರ್ಷ ಕಾದವಳು.

"ಸ್ಯಾಂಪಲ್ ತೆಗೆದರೆ ಕಮ್ಮಿ ಆಗಲ್ಲ ಅಂತಿದ್ದೆ."

ಕೋದಂಡರಾಮಪ್ಪನವರು ಪುಸ್ತಕ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತರು. ಬೆರಳಿಗೆ ಎಂಜಲು ಮಾಡಿಕೊಂಡು ಹಾಳೆ ತಿರುವಿದರು. ಎಂಟು ದಿನ, ನಲವತ್ತಾರು ಸುತ್ತು, ಐದು ಟೈರು, ಮೂರು ಮೂರು ಸಲ. ಮನಸ್ಸಿನಲ್ಲೇ ಗುಣಿಸಿದರು. ಅವರ ಗಲ್ಲದ ಮೇಲೆ ಏನೋ ಒಂದು ಅಲುಗಿತು. ಮದುವೆಯಾಗಿ ಮೂರು ವರ್ಷದಲ್ಲಿ ತಾನು ಅದನ್ನು ಕಂಡಿರಲಿಲ್ಲ, ಮೊದಲು ಹಲ್ಲುನೋವು ಅಂದುಕೊಂಡೆ ಎಂದು ಅನಿತ ಆಮೇಲೆ ಹೇಳಿದಳು.

"ಆರುನೂರ ತೊಂಬತ್ತು ಸಲ ಗಾಳಿ ಬಿಟ್ಟಿದ್ದೀರಿ ಬೀಗ್ರೇ. ಗಾಡಿ ಚೆನ್ನಾಗಿದೆ. ಇಷ್ಟಕ್ಕೂ ತಡ್ಕೊಂಡಿದೆ ಅಂದರೆ ಬಹಳ ಚೆನ್ನಾಗಿದೆ."

ಎದ್ದು ಒಳಗೆ ಹೋಗಿ ಕಾಲಿನಲ್ಲಿ ತುಳಿಯುವ ದೊಡ್ಡ ಪಂಪು ತಂದು ಶ್ರೀರಾಮಪ್ಪನ ಮುಂದೆ ಇಟ್ಟರು. ನರೇಶ್ ತುಳಿಯಲು ಮುಂದೆ ಬಂದಾಗ ಅವನನ್ನು ಕಣ್ಣಿನಲ್ಲೇ ನಿಲ್ಲಿಸಿದರು. ಶ್ರೀರಾಮಪ್ಪ ತುಳಿದ. ನೈಟ್ರೋಜನ್ನಿಗೆ ಆವನಿಯ ಗಾಳಿ ಬೆರೆಯಿತು, ಅವನು ಚಕಾರ ಎತ್ತಲಿಲ್ಲ. ಅವರು ತಟ್ಟುತ್ತ ಹೋದರು. ಡಬ್ ಎನ್ನುತ್ತಿದ್ದದ್ದು ಮೆಲ್ಲಗೆ ಟಣ್ ಕಡೆಗೆ ಬಂದಾಗ ಸಾಕು ಎನ್ನುವರು. ಐದು ಟೈರು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಕೊನೆಯಲ್ಲಿ ಅವನು ಏದುಸಿರು ಬಿಡುತ್ತ, ಅಭ್ಯಾಸಬಲದಿಂದ ಗೇಜ್ ಹಿಡಿದು ವಾಲ್ವಿನ ಕಡೆ ಬಗ್ಗಿದ. ಕೋದಂಡರಾಮಪ್ಪನವರು ಅಂಗೈ ಚಾಚಿದರು. ಅವನು ಗೇಜನ್ನು ಅದರಲ್ಲಿ ಇಟ್ಟ.

"ಇದು ಇಲ್ಲಿರಲಿ. ನಾಮಕರಣಕ್ಕೆ ತಂದುಕೊಡ್ತೀನಿ."

ಆಮೇಲೆ ಸೊಸೆಯ ಬ್ಯಾಗನ್ನು ತಾವೇ ಎತ್ತಿ ಗಾಡಿಯಲ್ಲಿಟ್ಟರು.

ವಾಪಸು ಬರುವಾಗ ಶ್ರೀರಾಮಪ್ಪನಷ್ಟು ಹೆದರಿದ ಮನುಷ್ಯ ಆ ಹೆದ್ದಾರಿಯಲ್ಲಿ ಇರಲಿಲ್ಲ. ಗಾಳಿ ಎಷ್ಟಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಖಾಲಿ ಜೇಬಿನ ಕಡೆ ಕೈ ಹೋಗುವುದು, ಹಿಂದಿನಿಂದ ಬೈರಮ್ಮ ಕೆಮ್ಮುವುದು, ಕೈ ಸ್ಟಿಯರಿಂಗಿಗೆ ವಾಪಸು ಬರುವುದು. ಮುಂದೆ ಹೋಗುತ್ತಿದ್ದ ಲಾರಿಯ ಟಾರ್ಪಾಲು ಪಟ್ ಎಂದಾಗ ಅವನು ಬ್ರೇಕ್ ತುಳಿದು ಕಣ್ಣು ಮುಚ್ಚಿದ. ಕಣ್ಣು ತೆಗೆದಾಗ ನಾಲ್ಕು ಚಕ್ರವೂ ಇದ್ದವು. ಸುನಂದಳ ಹೆಗಲ ಮೇಲೆ ತಲೆಯಿಟ್ಟ ಅನಿತ ಕೋಲಾರ ಬಂದದ್ದೂ ಗೊತ್ತಾಗದಂತೆ ನಿದ್ದೆ ಮಾಡುತ್ತಿದ್ದಳು.

ಮರುದಿನ ಬೆಳಗ್ಗೆ ಡೈರಿಯಲ್ಲಿ ಬೈರಮ್ಮನ ಸರದಿ ಬಂತು. ಅವನು ಸೌಟು ಹಿಡಿದು ಅವಳ ಪಾತ್ರೆಗೆ ಬಗ್ಗಿದ. ಸಾಲಿನ ಹಿಂದಿನಿಂದ ಪೆದ್ದಪ್ಪ ಮೆಲ್ಲಗೆ ಸ್ಸ್ ಎಂದ. ಅವನ ಮುಂದಿನವಳೂ ಸ್ಸ್ ಎಂದಳು. ಇಡೀ ಸಾಲು ಸ್ಸ್ ಎಂದಿತು. ಶ್ರೀರಾಮಪ್ಪ ಒಂದು ಸೌಟು ತೆಗೆದು, ಒಂದು ಸಲ ಅಳೆದು, ಬಂದದ್ದನ್ನು ಬರೆದ. ಆ ತಿಂಗಳಿನಿಂದ ಸುನಂದಳ ಮೊಸರು ಎಲ್ಲರ ಮನೆಯದರಷ್ಟೇ ತೆಳ್ಳಗಾಯಿತು.

ಐದು ವಾರಕ್ಕೆ ಕೋಲಾರದ ಆಸ್ಪತ್ರೆಯಲ್ಲಿ ಅನಿತಳಿಗೆ ಹೆಣ್ಣು ಮಗುವಾಯಿತು. ನರ್ಸಮ್ಮ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದರು. ಎರಡು ಕಿಲೋ ಒಂಬೈನೂರು. ಅಷ್ಟರಲ್ಲಿ ಮಗು ಕಾಲು ಝಾಡಿಸಿತು, ಮುಳ್ಳು ಅಲ್ಲಾಡಿತು. ಇನ್ನೊಂದು ಸಲ ತೂಗೋಣ ಎಂದು ನರ್ಸಮ್ಮ ಕೈ ಚಾಚಿದರು. ಬಾಗಿಲಲ್ಲಿ ನಿಂತಿದ್ದ ಶ್ರೀರಾಮಪ್ಪ ಓಡಿಬಂದು ಅಡ್ಡ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು.

"ಬೇಡಮ್ಮ. ಇರೋದು ಇಷ್ಟೇ ಇಷ್ಟಿದೆ. ಒಂದು ಸಲ ಸಾಕು."